ಮೈಕಿನ ಹುಡುಗಿಯ ಗಂಟಲು

“ಏನಾದ್ರೂ ಹೇಳಿ... ಕೆಟ್ಟದ್ದಾ?”

ಕತ್ತಿಗೆ ತಣ್ಣನೆಯ ಜೆಲ್ ಹಚ್ಚಿಸಿಕೊಂಡು ಮಲಗಿದ್ದವಳು ಕೇಳಿದಾಗ, ಸ್ಕ್ಯಾನ್ ಮಾಡುವವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೇಳಬೇಕಾದವರು ಡಾಕ್ಟರು, ತಾನಲ್ಲ ಎಂದಷ್ಟೇ ಅಂದ.

ಎಂಥ ಕಲ್ಲುಮನಸ್ಸಿನವನಪ್ಪಾ!

ಅವಳು ಬಸ್ ನಿಲ್ದಾಣದಲ್ಲಿ ಹೊರಡುವ ಬಸ್ಸುಗಳನ್ನು ಕೂಗಿ ಹೇಳುವ ಮೈಕಿನ ಹುಡುಗಿ. ಅವಳು ಬಾಯಿ ತೆರೆದರೆ ಬೆಂಚಿನ ಮೇಲೆ ತೂಕಡಿಸುವವರೂ ಚೀಲ ತಡಕಾಡುತ್ತಾ ಎದ್ದು ಕೂರುತ್ತಿದ್ದರು. ಆ ದನಿಯ ಪಕ್ಕದಲ್ಲೇ, ಥೈರಾಯ್ಡ್ ಗ್ರಂಥಿಯಲ್ಲಿ, ಎರಡು ಗಂಟುಗಳು ಕಂಡಿದ್ದವು.

ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಆಪರೇಷನ್ ಮಾಡಿ ತೆಗೆಯಬಹುದು, ಆದರೆ ದನಿಯ ನರಕ್ಕೆ ಪೆಟ್ಟಾಗುವ ಸಣ್ಣ ಅಪಾಯವಿದೆ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಕಾಯಲೂಬಹುದು ಎಂದರು ಡಾಕ್ಟರು. ತೆಗೆಸಿಬಿಟ್ಟರೆ ಪೀಡೆ ತೊಲಗುತ್ತದೆ, ನಾಳೆ ಹೆಣ್ಣು ನೋಡಲು ಬಂದವರಿಗೆ ಏನು ಹೇಳುವುದು ಎಂದು ಅಮ್ಮ ಪಟ್ಟು ಹಿಡಿದರು.

“ನನ್ನ ಕತ್ತು, ನನ್ನ ದನಿ ಅಮ್ಮಾ. ಯಾರಿಗೋ ಹೆದರಿ ಕೊಯ್ಸಿಕೊಳ್ಳಲ್ಲ. ಗಂಟು ಬೆಳೆದ್ರೆ ನಾನೇ ಹೋಗಿ ಟೇಬಲ್ ಮೇಲೆ ಮಲಗ್ತೀನಿ.”

ಹಾಗೆ ಹೇಳಿದಾಗ ಅವಳಿಗೆ ತನ್ನ ಮೇಲೆ ತನಗೇ ಹೆಮ್ಮೆಯೆನಿಸಿತು.

ಆ ಕಲ್ಲುಮನಸ್ಸಿನವನು ದಿನವೂ ಅವಳ ನಿಲ್ದಾಣದಿಂದಲೇ ಬಸ್ಸು ಹತ್ತುತ್ತಾನೆಂದು ತಿಳಿದದ್ದು ಆಮೇಲೆ. ಮೊದಲು ಒಂದು ನಗು, ನಂತರ ಚಹಾ. ಬರಬರುತ್ತಾ, ಅವಳು ಮೂರು ಸಲ ಕೂಗಿದ ಬಸ್ಸನ್ನೂ ಅವನು ಬೇಕೆಂದೇ ತಪ್ಪಿಸಿಕೊಳ್ಳತೊಡಗಿದ.

ವರ್ಷ ತುಂಬಿತು. ಸ್ಕ್ಯಾನ್ ಕೋಣೆಗೆ ಬಂದ ಅವಳನ್ನು ಕಂಡದ್ದೇ ತಡ, ಅವನು ಎದ್ದು, ತನ್ನ ಜಾಗದಲ್ಲಿ ಸ್ಕ್ಯಾನ್ ಮಾಡುವ ಹಿರಿಯ ಮೇಡಂ ಅವರನ್ನು ಕೂರಿಸಿ ಹೊರನಡೆದ.

ಕಾಯಿಲೆಯ ಹುಡುಗಿ ಸಾಕಾದಳೇ ಇವನಿಗೆ...? ಅಳು ಉಕ್ಕಿ ಬಂತು, ಆದರೆ ಕತ್ತು ಅಲುಗಿಸುವಂತಿರಲಿಲ್ಲ.

ಗಂಟುಗಳು ಕೂದಲೆಳೆಯಷ್ಟೂ ಬೆಳೆದಿಲ್ಲ ಎಂದರು ಡಾಕ್ಟರು. ಗೆದ್ದಿದ್ದಳು, ಆದರೂ ಖುಷಿ ಅರ್ಧಂಬರ್ಧ. ಹೊರಗೆ ಅವನು ಮುಖ ಬಿಳಿಚಿಕೊಂಡು ಗೋಡೆಗೊರಗಿ ನಿಂತಿದ್ದ.

“ಬೆಳೆದಿಲ್ಲ. ನಿಮಗೇನು ಬಿಡಿ, ಎದ್ದು ಹೋದೋರು,” ಎಂದಳು.

ಅವನು ಉಸಿರು ಬಿಟ್ಟ. “ನಮ್ಮವರನ್ನ ನಾವೇ ಅಳೆಯಬಾರದು. ಗೊತ್ತಿಲ್ಲದ ಹಾಗೆ ಕೈ ಒಂದು ಮಿಲಿಮೀಟರ್ ಕಮ್ಮಿ ತೋರಿಸಿಬಿಡುತ್ತೆ. ನಿಮ್ಮ ಧೈರ್ಯ ನಿಂತಿರೋದೇ ಆ ಅಳತೆ ಮೇಲೆ. ಅದನ್ನ ಕೆಡಿಸೋಕೆ ನನಗೇನು ಹಕ್ಕು?”

ನಮ್ಮವರು... ಊರಿಗೆಲ್ಲ ಕೇಳುವಂತೆ ಕೂಗುವವಳು ಆ ಮಾತನ್ನು ಪಿಸುದನಿಯಲ್ಲಿ ತನಗೇ ಹೇಳಿಕೊಂಡಳು.

“ಹೋದ ವರ್ಷ ನೀವೇ ಮಾಡಿದ್ರಲ್ಲ...”

“ಆಗ ನೀವು ಯಾರೋ ಆಗಿದ್ರಿ.”

ಅವಳು ತಲೆ ಎತ್ತಿಕೊಂಡೇ ಅವನ ಕೈ ಹಿಡಿದಳು.

“ಮುಂದಿನ ವರ್ಷವೂ ಮೇಡಂ ಕೈಲೇನಾ?”

“ಪ್ರತಿ ವರ್ಷವೂ. ನಾನು ಹೊರಗೆ ಕೂತು ಬೆವರ್ತಿರ್ತೀನಿ.”