ಹದಿನೇಳನೇ ಬ್ಯಾಚಿನ ಕೆಂಪು ಚೀಟಿ

"ಮುಟ್ಟಬೇಡಿ ಅದನ್ನ."

ಅವಳು ಹೇಳಿ ಮುಗಿಸುವಷ್ಟರಲ್ಲಿ ಚೀಟಿ ಅಂಟಿಯಾಗಿತ್ತು. ಅಂಗೈಯಗಲದ ಕೆಂಪು ಚೀಟಿ, ಅದರ ಮೇಲೆ ದಪ್ಪಕ್ಷರದಲ್ಲಿ ‘ತಿರಸ್ಕೃತ’. ಚೀಟಿಯ ಹಿಂದಿದ್ದ ಕಂದು ಸೀಸೆಯಲ್ಲಿ ಅವಳ ಹದಿನೇಳನೇ ಬ್ಯಾಚಿನ ತೊಗಟೆಯ ಸಾರವಿತ್ತು, ಮೂರು ವಾರದ ದುಡಿಮೆ.

ಅಂಟಿಸಿದವನು ಹೊಸ ಗುಣಮಟ್ಟ ಪರೀಕ್ಷಕ. ಕೆಲಸಕ್ಕೆ ಸೇರಿ ಎಂಟೇ ದಿನವಾಗಿತ್ತು. ಎತ್ತರದ ಆಳು, ಮೆತ್ತನೆ ದನಿ, ಮುಖದಲ್ಲಿ ಮಾತ್ರ ಏನೂ ಗೊತ್ತಾಗುತ್ತಿರಲಿಲ್ಲ.

"ಎಷ್ಟು ಬಂತು?" ಎಂದಳು.

"ಔಷಧಾಂಶ ಶೇಕಡಾ ಎರಡು ಇರ್ಬೇಕಿತ್ತು. ಸೊನ್ನೆ ಬಿಂದು ಮೂರು ಇದೆ."

"ನಿಮ್ಮ ಯಂತ್ರ ಕೆಟ್ಟಿರ್ಬೇಕು."

"ನಾಲ್ಕು ಸಲ ನೋಡಿದೀನಿ. ಐದನೇದು ನಿಮ್ಮ ಎದುರಿಗೇ ನೋಡ್ಲಾ?"

ಅವಳ ಕೋಪದ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದು ಮೂಗಿನ ತುದಿಯಲ್ಲಿರಲಿಲ್ಲ, ಅದಕ್ಕಿಂತ ಒಂದು ಬೆರಳು ಮುಂದೆಯೇ ಇತ್ತು. ಚೀಟಿಯನ್ನು ಪರ್ರನೆ ಕಿತ್ತು ತನ್ನ ಬಿಳಿ ಕೋಟಿನ ಜೇಬಿಗೆ ತುರುಕಿಕೊಂಡಳು. ಅವನು ತನ್ನ ಜೇಬಿನಿಂದ ಇನ್ನೊಂದು ಚೀಟಿ ತೆಗೆದು ಅದೇ ಜಾಗಕ್ಕೆ ಅಂಟಿಸಿದ. ಆಮೇಲೆ ಬಗ್ಗಿ, ಮೇಜಿನ ಕೆಳಗಿದ್ದ ಅವಳ ತ್ಯಾಜ್ಯದ ಕ್ಯಾನಿಗೂ ಒಂದು ಅಂಟಿಸಿದ.

"ಕಸಕ್ಕೂ ಚೀಟಿನಾ?"

"ಬ್ಯಾಚಿಗೆ ಸೇರಿದ್ದೆಲ್ಲದಕ್ಕೂ. ನಿಯಮ."

ಪ್ರಯೋಗಾಲಯದಲ್ಲಿ ಯಾರೋ ಕಿಸಕ್ಕೆಂದರು. ಅವತ್ತಿನಿಂದ ಅವನ ಹೆಸರು ‘ಕೆಂಪು ಚೀಟಿ’ ಎಂದೇ ಆಯಿತು. ಅವಳಿಗಂತೂ ಮೊದಲಿನಿಂದ ‘ಕಷಾಯ’ ಎಂಬ ಹೆಸರಿತ್ತು. ಆರು ವರ್ಷದಿಂದ ದಿನಬೆಳಗಾದರೆ ತೊಗಟೆ ಕುದಿಸುವವಳನ್ನು ಇನ್ನೇನೆಂದು ಕರೆದಾರು?

ಆ ತೊಗಟೆಯ ಹಿಂದೆ ಅವಳ ದೊಡ್ಡಮ್ಮ ಇದ್ದಳು. ಮದುವೆಯಾಗದ ದೊಡ್ಡಮ್ಮ, ಇವಳನ್ನು ಎತ್ತಿ ಆಡಿಸಿದವಳು. ಕೊನೆಯ ಎರಡು ವರ್ಷ ಹಾಸಿಗೆ ಹಿಡಿದಾಗ ಅವಳ ಬೆನ್ನಿನ ತುಂಬ ಹುಣ್ಣಾಗಿತ್ತು. ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದವಳು ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಈ ಹುಡುಗಿಯೇ. ಹಾಸಿಗೆ ಹುಣ್ಣಿಗೆ ಒಂದು ಒಳ್ಳೆಯ ಮುಲಾಮು ಮಾಡಿಯೇ ತೀರುತ್ತೇನೆ ಎಂದು ಅವಳು ಹಟ ಹಿಡಿದದ್ದು ಆಗ. ಈಗ ಆ ಹಟಕ್ಕೆ ಯಾರೋ ಬಂದು ‘ತಿರಸ್ಕೃತ’ ಎಂದು ಅಂಟಿಸಿದ್ದರು.

ಮಧ್ಯಾಹ್ನ ನಿರ್ದೇಶಕರು ಕರೆಸಿದರು. ಅವರಿಗೆ ಅವಳ ಕೋಣೆಯೂ ಅವಳ ಯಂತ್ರಗಳೂ ಬೇರೊಂದು ಯೋಜನೆಗೆ ಬೇಕಾಗಿದ್ದವು ಎನ್ನುವುದು ಗೋಡೆಗೂ ಗೊತ್ತಿತ್ತು.

"ತಲೆ ಕೆಡಿಸ್ಕೋಬೇಡಮ್ಮ," ಎಂದರು ಅವರು. "ಒಂಬತ್ತನೇ ಬ್ಯಾಚು ಗಟ್ಟಿ ಇದೆಯಲ್ಲ, ಅದಕ್ಕೆ ಈ ಹದಿನೇಳನ್ನ ಸ್ವಲ್ಪ ಸ್ವಲ್ಪ ಬೆರೆಸಿಬಿಡು. ಸರಾಸರಿ ಪಾಸಾಗುತ್ತೆ. ಯಾರಿಗೂ ತೊಂದರೆ ಇಲ್ಲ."

"ಯಾಕೆ ಕೆಟ್ಟಿತು ಅಂತ ಗೊತ್ತಿಲ್ದೆ ಬೆರೆಸೋದಾ ಸರ್? ನಾಳೆ ಇದು ಯಾರದೋ ತೆರೆದ ಗಾಯದ ಮೇಲೆ ಹೋಗುತ್ತೆ."

"ಹಾಗಾದ್ರೆ ಶುಕ್ರವಾರ ಸಮಿತಿ ನಿನ್ನ ಯೋಜನೆ ಮುಚ್ಚುತ್ತೆ. ಪರೀಕ್ಷಕನ ವರದಿ ಆಗ್ಲೇ ನನ್ನ ಮೇಜಿನ ಮೇಲಿದೆ."

"ಮುಚ್ಚಲಿ. ಬೆರೆಸಲ್ಲ."

ಹೇಳುವಾಗ ಧೈರ್ಯವಾಗಿಯೇ ಹೇಳಿದಳು. ಮೆಟ್ಟಿಲನ್ನು ಮಾತ್ರ ಕಂಬಿ ಹಿಡಿದುಕೊಂಡೇ ಇಳಿದಳು. *ಎಂಟೇ ದಿನದಲ್ಲಿ ನನ್ನ ಆರು ವರ್ಷಕ್ಕೆ ಮುಚ್ಚಳ ಹಾಕೋ ವರದಿ ಬರೆದ್ನಲ್ಲ ಪುಣ್ಯಾತ್ಮ...*

ಕೆಳಗೆ ಉಗ್ರಾಣದ ಅಕ್ಕ ಎದುರಾದಳು. "ಕಷಾಯ, ನಿನ್ನ ಸೀಸೆ ಗೀಸೆ ಎಲ್ಲ ಆ ಕೆಂಪು ಚೀಟಿ ಬೀರುವಿನಲ್ಲಿಟ್ಟು ಬೀಗ ಹಾಕಿದಾನೆ. ಜಾಗ ಖಾಲಿ ಮಾಡು ಅಂತ ನಿರ್ದೇಶಕರೇ ಕೇಳಿದ್ರೂ ಬೀಗದಕೈ ಕೊಡ್ಲಿಲ್ಲ ಕಣೆ. ಎಂಥ ಜಂಭ ನೋಡು."

ಅವಳಿಗೂ ಅದು ಜಂಭವೆಂದೇ ಕಂಡಿತು. ಸಿಟ್ಟಿನಲ್ಲಿ ಇರುವವರಿಗೆ ಬೀಗ ಕಾಣುತ್ತದೆ, ಬೀಗದೊಳಗೆ ಏನು ಉಳಿದಿದೆ ಎನ್ನುವುದು ಕಾಣುವುದಿಲ್ಲ.

ಮರುದಿನ ಬೆಳಗ್ಗೆ ತಿಂಡಿಯ ಹೊತ್ತಿಗೆ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮೂವತ್ತು ವರ್ಷ ನರ್ಸಾಗಿದ್ದ ಹೆಂಗಸು, ಯಾವುದಕ್ಕೂ ಗಾಬರಿಯಾಗುವವಳಲ್ಲ.

"ನೋಡೋಕೆ ಹೇಗಿದಾನೆ?"

"ಅಮ್ಮ, ಅವನು ನನ್ನ ಕೆಲಸ ಮುಚ್ಚಿಸ್ತಿದಾನೆ."

"ನಾನು ಅದನ್ನ ಕೇಳ್ಲಿಲ್ಲ."

"ಉದ್ದ ಇದಾನೆ," ಎಂದು ಸಿಡುಕಿ ಎದ್ದಳು. ಅವನ ಕೈಬೆರಳುಗಳ ಮೇಲೆ ಸದಾ ಪೆನ್ಸಿಲಿನ ಮಸಿ ಇರುತ್ತದೆ, ಗಾಜಿನ ಪಾತ್ರೆಯನ್ನು ತನ್ನ ಹಾಗೆಯೇ ಮೂರು ಸಲ ತೊಳೆಯುತ್ತಾನೆ ಎನ್ನುವುದನ್ನು ಹೇಳಲಿಲ್ಲ. ಅದನ್ನೆಲ್ಲ ಯಾವಾಗ ನೋಡಿದೆ ಎಂದು ತನಗೇ ಗೊತ್ತಿರಲಿಲ್ಲ.

ಕೆಲಸಕ್ಕೆ ಹೋದವಳೇ ನೇರ ಅವನ ಮೇಜಿಗೆ ನಡೆದಳು. ಮೇಜಿನ ಮೇಲೆ ಅವಳದೇ ಪ್ರಯೋಗದ ಪುಸ್ತಕಗಳಿದ್ದವು. ಒಂದಲ್ಲ ಎರಡಲ್ಲ, ಹನ್ನೊಂದೂ.

"ಓದಿ ಆಯ್ತಾ? ಮುಚ್ಚೋದಕ್ಕೆ ಇನ್ನೇನಾದ್ರೂ ಕಾರಣ ಸಿಕ್ತಾ?"

ಅವನು ತಲೆ ಎತ್ತಿದ. "ಹದಿನೇಳನ್ನ ಹೇಗೆ ಮಾಡಿದ್ರಿ ಅಂತ ಒಂದ್ಸಲ ನನ್ನ ಮುಂದೆ ಮಾಡಿ ತೋರಿಸ್ತೀರಾ?"

"ಏನು, ನನಗೆ ಪರೀಕ್ಷೆನಾ?"

"ಹೌದು ಅಂದ್ಕೊಳ್ಳಿ."

ಅವಳ ಮೈಯೆಲ್ಲ ಉರಿದುಹೋಯಿತು. ಆದರೆ ಹೆದರಿ ಹಿಂದೆ ಸರಿಯುವ ಹೆಣ್ಣೇ ಅಲ್ಲ ಅದು. "ಬನ್ನಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡಿ," ಎಂದಳು.

ತೊಗಟೆ ಕುದಿಸಿದ ನೀರನ್ನು ಗಾಜಿನ ಬುರುಡೆಗೆ ಸುರಿದಳು. ತಳದಲ್ಲಿ ಪುಟ್ಟ ನಲ್ಲಿ ಇರುವ ಬುರುಡೆ ಅದು. ಅದರ ಮೇಲೆ ದ್ರಾವಕ ಹೊಯ್ದು, ಬಿರಡೆ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕುಲುಕಿದಳು. ಕೆಲಸದ ತಿರುಳು ಇಷ್ಟೇ: ಕುಲುಕಿದಾಗ ಔಷಧಾಂಶ ನೀರನ್ನು ಬಿಟ್ಟು ದ್ರಾವಕಕ್ಕೆ ಸೇರುತ್ತದೆ. ಆಮೇಲೆ ಎರಡೂ ಬೇರೆ ಬೇರೆ ಪದರವಾಗಿ ನಿಲ್ಲುತ್ತವೆ. ದ್ರಾವಕವನ್ನು ಇಟ್ಟುಕೊಂಡು ನೀರನ್ನು ಚೆಲ್ಲಬೇಕು. ಈ ತೊಗಟೆಯಲ್ಲಿ ಎರಡೂ ಪದರ ಚಹಾದ ಬಣ್ಣವೇ, ನೋಡಿದರೆ ಗುರುತು ಸಿಗುವುದಿಲ್ಲ.

ಪದರ ನಿಂತಿತು. ಅವಳ ಕೈ ತಾನಾಗಿ ನಲ್ಲಿ ತಿರುಗಿಸಿತು. ಕೆಳಗಿನ ಪದರ ಶುದ್ಧವಾದ ಪಾತ್ರೆಗೆ ಇಳಿಯಿತು. ಉಳಿದ ಮೇಲಿನದನ್ನು ಕ್ಯಾನಿಗೆ ಸುರಿಯಲು ಬುರುಡೆ ಎತ್ತಿದಳು.

"ಮೇಲಿನದನ್ನ ಯಾಕೆ ಚೆಲ್ತೀರಿ?" ಅವನು ಕೇಳಿದ.

"ಅದು ನೀರಲ್ವಾ, ಔಷಧಿ ಕೆಳಗೆ..."

ಎತ್ತಿದ ಬುರುಡೆಯನ್ನು ವಾಪಸು ಸ್ಟ್ಯಾಂಡಿಗೆ ಇಟ್ಟಳು.

ಆರು ವರ್ಷ ಬಳಸಿದ ಹಳೆಯ ದ್ರಾವಕ ನೀರಿಗಿಂತ ಭಾರ, ತಳಕ್ಕೆ ಇಳಿಯುತ್ತಿತ್ತು. ಅದು ಯಕೃತ್ತಿಗೆ ಕೆಟ್ಟದ್ದೆಂದು ಈ ಸಲ ಅವಳೇ ಬದಲಾಯಿಸಿದ್ದಳು. ಹೊಸದು ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ತಲೆಗೆ ಅದು ಗೊತ್ತಿತ್ತು. ಆರು ವರ್ಷ ಒಂದೇ ನಲ್ಲಿಯನ್ನು ಒಂದೇ ರೀತಿ ತಿರುಗಿಸಿದ ಕೈಗೆ ಗೊತ್ತಿರಲಿಲ್ಲ. ಹದಿನೇಳನೇ ಬ್ಯಾಚಿನಲ್ಲಿ ಅವಳು ನೀರನ್ನು ಜೋಪಾನ ಮಾಡಿ, ಔಷಧಿಯನ್ನು ಕಸಕ್ಕೆ ಸುರಿದಿದ್ದಳು.

ಅವಳು ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತಳು. "ನಿಮಗೆ ಮೊದಲೇ ಗೊತ್ತಿತ್ತು."

"ಅನುಮಾನ ಇತ್ತು. ಹದಿನಾರನೇ ಬ್ಯಾಚಿಗೆ ‘ಆವಿ ಮಾಡಲು ನಲವತ್ತು ನಿಮಿಷ’ ಅಂತ ಬರೆದಿದೀರಿ. ಹದಿನೇಳಕ್ಕೆ ಆರು ಗಂಟೆ. ಅಷ್ಟು ಹೊತ್ತು ಹಿಡಿಯೋದು ನೀರು ಮಾತ್ರ."

"ಹೊಸ ದ್ರಾವಕದ ಗುಣವೇ ಹಾಗೇನೋ ಅಂದ್ಕೊಂಡೆ. ಮತ್ತೆ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಮಗೆ?"

"ಪರೀಕ್ಷಿಸೋನು ಮಾಡೋರಿಗೆ ಹೇಳಿಕೊಡೋ ಹಾಗಿಲ್ಲ. ನಾನು ಹೇಳಿದ್ರೆ ಅದು ನನ್ನ ಊಹೆ ಆಗತ್ತೆ. ನೀವೇ ಕಂಡ್ರೆ ಅದು ಕಾರಣ. ಸಮಿತಿಗೆ ಕಾರಣ ಬೇಕು."

ಆಗ ಅವಳಿಗೆ ಹದಿನೇಳರ ತ್ಯಾಜ್ಯದ ಕ್ಯಾನು ನೆನಪಾಯಿತು. ಕಸವನ್ನು ವಾರಕ್ಕೊಮ್ಮೆ ಸುಡಲು ಒಯ್ಯುತ್ತಾರೆ. ಒಯ್ಯುವ ದಿನ ನಿನ್ನೆಯೇ ಆಗಿಹೋಗಿತ್ತು. "ಮೇಲಿನ ಪದರ... ಹೋಗಿರುತ್ತೆ ಅಲ್ವಾ?"

ಅವನು ಜೇಬಿಗೆ ಕೈ ಹಾಕಿ ಬೀಗದಕೈ ತೆಗೆದು ಅವಳ ಮುಂದೆ ಹಿಡಿದ.

"ಕೆಂಪು ಚೀಟಿ ಅಂದ್ರೆ ಬಿಸಾಡು ಅಂತಲ್ಲ. ಕಾರಣ ಸಿಗೋವರೆಗೂ ಯಾರೂ ಬಿಸಾಡೋ ಹಾಗಿಲ್ಲ ಅಂತ."

ಅವಳಿಗೆ ಅಳು ಬಂತು. ಆ ಉದ್ದನೆಯ ಮನುಷ್ಯನ ಮುಂದೆ ಅಳಬಾರದೆಂದು ಎಷ್ಟು ತಡೆದರೂ ಬಂತು. ಅವನು ಪಾತ್ರೆ ಒರೆಸುವ ಶುಭ್ರವಾದ ಕಾಗದವನ್ನು ಎರಡು ಹಾಳೆ ಹರಿದು ಕೊಟ್ಟು, ಬೇರೆ ಕಡೆ ತಿರುಗಿ ನಿಂತ.

ಗುರುವಾರ ಇಡೀ ದಿನ ಇಬ್ಬರೂ ಒಂದೇ ಮೇಜಿನ ಮೇಲೆ ಕೆಲಸ ಮಾಡಿದರು. ಕ್ಯಾನಿನಲ್ಲಿದ್ದ ದ್ರಾವಕವನ್ನು ಆವಿ ಮಾಡಲು ಹಿಡಿದದ್ದು ನಲವತ್ತೊಂದು ನಿಮಿಷ. ಔಷಧಾಂಶ ಎರಡು ಬಿಂದು ಒಂದು.

"ಐದು ಸಲ ನೋಡ್ಲಾ?" ಎಂದ ಅವನು.

"ಒಂದು ಸಾಕು," ಎಂದು ಅವಳು ನಕ್ಕಳು. ಆ ವಾರದಲ್ಲಿ ನಕ್ಕದ್ದು ಅದೇ ಮೊದಲು.

ಶುಕ್ರವಾರ ಸಮಿತಿಯ ಕೋಣೆಯಲ್ಲಿ ಐದು ಜನ ಕೂತಿದ್ದರು. ಅಧ್ಯಕ್ಷೆ ನರೆಗೂದಲಿನ ವೈದ್ಯೆ, ಮಾತು ಕಡಿಮೆ. ನಿರ್ದೇಶಕರು ತಾವೇ ಶುರು ಮಾಡಿದರು. ಹದಿನೇಳನೇ ಬ್ಯಾಚು ವಿಫಲವಾಗಿದೆ, ಪರೀಕ್ಷಕರ ವರದಿ ಇದೆ, ಆದ್ದರಿಂದ ಯೋಜನೆ ಮುಚ್ಚುವುದು ಸೂಕ್ತ ಎಂದರು.

ಅವಳು ಎದ್ದು ನಿಂತಳು. "ಬ್ಯಾಚು ಕೆಟ್ಟದ್ದು ನಿಜ. ಕೆಡಿಸಿದ್ದು ನಾನು. ಔಷಧಿ ಪದರ ಚೆಲ್ಲಿ ನೀರು ಇಟ್ಕೊಂಡೆ. ಇದರಲ್ಲಿ ತೊಗಟೆ ತಪ್ಪೇನೂ ಇಲ್ಲ."

"ಆರು ವರ್ಷದ ಅನುಭವ ಇಟ್ಕೊಂಡು ಇಂಥ ತಪ್ಪಾ?" ನಿರ್ದೇಶಕರು ನಕ್ಕರು.

"ಹೌದು ಸರ್. ಅನುಭವ ಇಲ್ದಿದ್ರೆ ಯಾವ ಪದರ ಅಂತ ಯೋಚಿಸಿ ತಿರುಗಿಸ್ತಿದ್ದೆ. ಇದ್ದಿದ್ದಕ್ಕೇ ಯೋಚನೆ ಮಾಡ್ದೇನೇ ತಿರುಗಿಸ್ದೆ. ಆದ್ರೆ ನೀವು ಒಂಬತ್ತರ ಜೊತೆ ಬೆರೆಸು ಅಂದಾಗ ಬೆರೆಸಲಿಲ್ಲ. ಈಗ್ಲೂ ಬೆರೆಸಲ್ಲ. ಕಸದಿಂದ ತೆಗೆದಿದ್ದನ್ನ ಪಾಸು ಮಾಡಿ ಅಂತಲೂ ಕೇಳಲ್ಲ. ಹದಿನೇಳು ಕೆಂಪಾಗೇ ಇರ್ಲಿ. ಹದಿನೆಂಟಕ್ಕೆ ಮೂರು ವಾರ ಕೊಡಿ."

ಅಧ್ಯಕ್ಷೆ ನಿರ್ದೇಶಕರ ಕಡೆ ಒಮ್ಮೆ ನೋಡಿದರು. ಆಮೇಲೆ ಪರೀಕ್ಷಕನ ಕಡೆ ತಿರುಗಿ ಕೇಳಿದರು. "ನಿಮ್ಮ ವರದಿ ಮುಚ್ಚಿ ಅನ್ನುತ್ತಾ?"

"ಇಲ್ಲ ಮೇಡಂ. ಎರಡನೇ ಹಾಳೆ ನಿಮಗೆ ಕೊಟ್ಟಿಲ್ಲ ಅಂತ ಕಾಣುತ್ತೆ." ಅವನು ಪ್ರತಿಯನ್ನು ಮುಂದೆ ತಳ್ಳಿದ. "ಕಾರಣ ಸಿಗೋವರೆಗೂ ಮುಚ್ಚಬಾರ್ದು ಅಂತ ಬರೆದಿದೀನಿ. ಮುಚ್ಚೋ ಕಾಗದಕ್ಕೆ ನನ್ನ ಸಹಿ ಬೇಕೇ ಬೇಕು ಅಂದ್ರೆ, ಕೆಲಸದಿಂದ ನನ್ನನ್ನ ಮೊದಲು ತೆಗೀಬೇಕಾಗುತ್ತೆ."

*ನಾನು ಇವನನ್ನ ಏನೇನು ಅಂದ್ಕೊಂಡುಬಿಟ್ಟೆ...* ಅವಳು ತಲೆ ತಗ್ಗಿಸಿದಳು. ಯಾರ ಮುಂದೆಯೂ ತಗ್ಗದ ತಲೆ ಅದು.

ಮೂರು ವಾರ ಸಿಕ್ಕಿತು. ಎರಡನೇ ಹಾಳೆಯ ಬಗ್ಗೆ ನಿರ್ದೇಶಕರು ಅಧ್ಯಕ್ಷೆಯ ಜೊತೆ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಬೇಕಾಯಿತು. ಉಗ್ರಾಣದ ಅಕ್ಕನಿಗೆ ಆ ಮುಕ್ಕಾಲು ಗಂಟೆಯ ಕಥೆ ಒಂದು ತಿಂಗಳಿಗೆ ಸಾಕಾಯಿತು.

ಹದಿನೆಂಟನೇ ಬ್ಯಾಚು ಮುಗಿದ ದಿನ ಅವಳು ಸೀಸೆ ಕೊಟ್ಟು ಕಿಟಕಿಯ ಹತ್ತಿರ ಹೋಗಿ ನಿಂತಳು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಯಂತ್ರ ಕಾಗದದ ಮೇಲೆ ಫಲಿತಾಂಶ ಗೀಚುವ ಸದ್ದು ಕೇಳುತ್ತಿತ್ತು. ತಿರುಗಿ ನೋಡಲು ಧೈರ್ಯವಿರಲಿಲ್ಲ.

ಅವನು ಬಂದು ಸೀಸೆಯನ್ನು ಅವಳ ಮುಂದಿಟ್ಟ. ಅದರ ಮೇಲೆ ಹಸಿರು ಚೀಟಿ ಇತ್ತು.

"ಎರಡು ಬಿಂದು ಮೂರು," ಎಂದ. "ನಿಮ್ಮ ದೊಡ್ಡಮ್ಮ ಇದ್ದಿದ್ರೆ ಖುಷಿ ಪಡ್ತಿದ್ರು."

ಅವಳು ಬೆಚ್ಚಿದಳು. "ದೊಡ್ಡಮ್ಮನ ವಿಷಯ ನಿಮಗೆ ಹೇಗೆ ಗೊತ್ತು?"

"ನಾಲ್ಕನೇ ಪುಸ್ತಕ. ಮುಲಾಮು ಮೊದಲ ಸಲ ಕೆಲಸ ಮಾಡಿದ ದಿನ ಅಂಚಿನಲ್ಲಿ ಬರೆದಿದೀರಿ, ‘ದೊಡ್ಡಮ್ಮಾ, ಇವತ್ತು ಬೆನ್ನು ಕೆಳಗೆ ಮಾಡಿ ಮಲಗು’ ಅಂತ." ಅವನು ಪೆನ್ಸಿಲಿನ ಮಸಿ ಮೆತ್ತಿದ ಬೆರಳುಗಳನ್ನು ನೋಡಿಕೊಂಡ. "ಅದು ಓದಬಾರ್ದಿತ್ತು. ತಪ್ಪು ಹುಡುಕೋಕೆ ಅಂತ ಪುಸ್ತಕ ತೆಗೆದೆ. ತಪ್ಪು ಹನ್ನೊಂದನೇದ್ರಲ್ಲೇ ಸಿಕ್ತು. ಆಮೇಲೆ ಒಂದರಿಂದ ಹತ್ತು ಓದಿದ್ದು ಕೆಲಸಕ್ಕಲ್ಲ."

"ಮತ್ತೆ ಯಾಕೆ?"

"ಬರೆದೋರು ನನಗೆ ಬೇಕು ಅನ್ನಿಸ್ತು, ಅದಕ್ಕೆ."

ಅವಳ ಕಿವಿ ಬಿಸಿಯಾಯಿತು. ಕೈ ಸುಮ್ಮನೆ ಕೋಟಿನ ಜೇಬಿಗೆ ಹೋಯಿತು. ಅಲ್ಲೊಂದು ಮುದುಡಿದ ಕಾಗದವಿತ್ತು. ಮೊದಲ ದಿನ ಅವಳು ಕಿತ್ತಿದ್ದ ಕೆಂಪು ಚೀಟಿ. ಇಷ್ಟು ದಿನ ಕೋಟು ಒಗೆಯುವಾಗಲೆಲ್ಲ ಅದನ್ನು ತೆಗೆದಿಟ್ಟು, ಮತ್ತೆ ಜೇಬಿಗೇ ಹಾಕಿಕೊಳ್ಳುತ್ತಿದ್ದಳು.

ಅದನ್ನು ಬಿಡಿಸಿ, ಅಂಗೈಯಲ್ಲಿ ತೀಡಿ, ಅವನ ಬಿಳಿ ಕೋಟಿನ ಎದೆಯ ಮೇಲೆ ಒತ್ತಿದಳು. ಅಂಟು ಎಂದೋ ಒಣಗಿತ್ತು. ಬೀಳಬಾರದೆಂದು ಕೈಯನ್ನು ಅಲ್ಲೇ ಇಟ್ಟುಕೊಂಡಳು.

"ತಿರಸ್ಕಾರನಾ?" ಅವನು ಮೆಲ್ಲಗೆ ಕೇಳಿದ.

"ಅದರ ಅರ್ಥ ಏನು ಅಂತ ನೀವೇ ಹೇಳಿಕೊಟ್ಟಿದ್ದು. ಯಾರೂ ಒಯ್ಯೋ ಹಾಗಿಲ್ಲ."

"ಕಾರಣ ಸಿಗೋವರೆಗೂ ಮಾತ್ರ ಅದು."

"ಕಾರಣ ನಾನು ಹುಡುಕಲ್ಲ," ಎಂದಳು ಅವಳು. "ಭಾನುವಾರ ಮನೆಗೆ ಬನ್ನಿ. ನೀವು ಉದ್ದ ಇದೀರಿ ಅಂತ ಅಮ್ಮನಿಗೆ ಹೇಳಿದೀನಿ, ಅಷ್ಟಕ್ಕೇ ಅವಳು ಒಪ್ಕೊಂಡಿದಾಳೆ."

"ನೀವು?"

"ನಾನು ಐದು ಸಲ ನೋಡಿದೀನಿ," ಎಂದಳು. ಕೈ ಮಾತ್ರ ತೆಗೆಯಲಿಲ್ಲ.