ಚೀಟಿಯಲ್ಲಿ ಬಂದ ನಡೆಗಳು

"ಮುಟ್ಟಬೇಡಿ!"

ಗಡಿಯಾರ ರಿಪೇರಿಯವನು ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಕುದುರೆ ಜಾರಿ ಬಿತ್ತು. ಪಕ್ಕದ ಹೊಲಿಗೆ ಅಂಗಡಿಯ ಟೈಲರ್ ಅವಳು. ಅತ್ತಿಗೆಯ ವಾಚಿಗೆ ಸೆಲ್ ಹಾಕಿಸಲು ಬಂದವಳು, ಕೌಂಟರ್ ಮೇಲಿನ ಚೆಸ್ ಬೋರ್ಡಿನಲ್ಲಿ ಓರೆಯಾಗಿ ನಿಂತಿದ್ದ ಕುದುರೆಯನ್ನು ನೇರ ಮಾಡಲು ಹೋಗಿದ್ದಳು. ಓರೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ.

"ಅಬ್ಬಾ, ಕಚ್ಚುತ್ತೇನ್ರೀ ನಿಮ್ಮ ಕುದುರೆ?"

ಅವನಿಗೆ ನಗು ತಡೆಯಲಾಗಲಿಲ್ಲ. "ಆಡೋಕೆ ಬರುತ್ತಾ?"

"ಕಲಿಸಿದ್ರೆ ಬರುತ್ತೆ!"

ಹಾಗೆ ಶುರುವಾಯಿತು. ಆರು ತಿಂಗಳು, ದಿನಾ ಊಟದ ಬಿಡುವಿನಲ್ಲಿ ಒಂದು ಆಟ. ಮೊದಮೊದಲು ಸೋತವಳು ಆಮೇಲಾಮೇಲೆ ಅವನನ್ನೇ ಸೋಲಿಸತೊಡಗಿದಳು. ಊರಿನ ಚೆಸ್ ಟೂರ್ನಮೆಂಟಿಗೆ ಹೆಸರನ್ನೂ ಕೊಟ್ಟುಬಿಟ್ಟಳು!

ಅಣ್ಣ ನಕ್ಕ. "ಸೂಜಿಗೆ ದಾರ ಪೋಣಿಸಿದಷ್ಟು ಸುಲಭ ಅಂದ್ಕೊಂಡ್ಯಾ? ಒಂದಾಟ ಗೆದ್ದು ಬಾ ನೋಡೋಣ!"

'ಗೆದ್ದೇ ಬರ್ತೀನಿ... ಒಂದಾದ್ರೂ!'

ಟೂರ್ನಮೆಂಟಿಗೆ ಇನ್ನು ಹತ್ತೇ ದಿನ ಇರುವಾಗ ಗಡಿಯಾರದವನು ತಲೆ ಎತ್ತದೆ ಹೇಳಿದ, "ಇನ್ಮೇಲೆ ಎದುರು ಕೂತು ಆಡೋದು ಬೇಡ. ನನ್ನ ನಡೆ ಚೀಟೀಲಿ ಬರೆದು ಕಳಿಸ್ತೀನಿ. ನೀವೂ ಹಾಗೇ ಮಾಡಿ."

"ಯಾಕೆ?"

"ಟೂರ್ನಮೆಂಟ್ ಮುಗೀಲಿ, ಹೇಳ್ತೀನಿ."

ಅವಳು ಎದ್ದು ತನ್ನ ಅಂಗಡಿಗೆ ಹೊರಟಳು. 'ನಿನ್ನೆ ಗೆದ್ದ ಖುಷೀಲಿ ಅವರ ಕೈ ಹಿಡಿದುಬಿಟ್ಟೆ... ಅದಕ್ಕೇನಾ?' ಅವನೆಂದರೆ ತನಗೆ ಪ್ರಾಣ ಎಂದು ಅವಳು ಮನಸ್ಸಿನಲ್ಲೇ ಒಪ್ಪಿಕೊಂಡದ್ದು ಅವತ್ತೇ.

ಚೀಟಿಗಳು ಗೋಡೆಯ ಆಚೆಗೂ ಈಚೆಗೂ ಓಡಾಡಿದವು. "ನನ್ನನ್ನೇನು ಪೋಸ್ಟ್‌ಮ್ಯಾನ್ ಮಾಡ್ಕೊಂಡ್ರಾ ಇಬ್ರೂ?" ಎಂದು ಗೊಣಗುತ್ತಲೇ ಅತ್ತಿಗೆ ಹೊತ್ತು ತಂದಳು. ಎದುರು ಕೂತಾಗ ಗೆಲ್ಲುತ್ತಿದ್ದವಳು ಈಗ ಒಂದೇ ಸಮನೆ ಸೋತಳು. ಹೊಲಿಗೆ ಮೆಷಿನ್ನಿನ ಮೇಲೆ ತಲೆಯಿಟ್ಟು ಅತ್ತಳು.

'ಅತ್ರೆ ಆನೆ ಉಳಿಯುತ್ತಾ?'

ಕಣ್ಣೊರೆಸಿಕೊಂಡು ಕತ್ತರಿಸುವ ಮೇಜಿನ ಮೇಲೆ ಚಾಕ್‌ಪೀಸಿನಿಂದ ಚೌಕಗಳನ್ನು ಎಳೆದಳು. ಕೋಟಿನ ಗುಂಡಿ ರಾಜ, ಅಂಗಿಯ ಗುಂಡಿ ಕಾಲಾಳು. ಸೋತ ಆಟಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಂತೆ ಆಡಿ ನೋಡಿದಳು. ಕೊನೆಯ ದಿನ ಅವನ ಚೀಟಿಯಲ್ಲಿ 'ಡ್ರಾ ಮಾಡ್ಕೊಳ್ಳೋಣ್ವಾ?' ಎಂದಿತ್ತು. 'ಆಗಲ್ಲ' ಎಂದು ಬರೆದು ಕಳಿಸಿದಳು. ಅವತ್ತೂ ಸೋತಳು, ಆದರೆ ಸಂಜೆಯವರೆಗೂ ತಡೆದು ಸೋತಳು.

ಟೂರ್ನಮೆಂಟಿನಲ್ಲಿ ಮೊದಲೆರಡು ಆಟ ಕೈತಪ್ಪಿದವು. ಉಳಿದದ್ದು ಒಂದೇ. ಎದುರಿಗೆ ನಿವೃತ್ತ ಮೇಷ್ಟ್ರು, ಕಲ್ಲಿನಂಥ ಮುಖ.

ಅವಳ ಕೈ ಆನೆಯತ್ತ ಹೋಯಿತು, ಕಣ್ಣು ಅಭ್ಯಾಸಬಲದಿಂದ ಮೇಷ್ಟ್ರ ಮುಖಕ್ಕೆ. ಅಲ್ಲೇನೂ ಇರಲಿಲ್ಲ.

ಆಗ ಹೊಳೆಯಿತು! ತಪ್ಪು ಕಾಯಿಯ ಹತ್ತಿರ ಕೈ ಹೋದರೆ ಗಡಿಯಾರದವನ ಹುಬ್ಬು ಏರುತ್ತಿತ್ತು. ಅವಳು ಕೈ ಹಿಂದೆಗೆಯುತ್ತಿದ್ದಳು.

'ಅಯ್ಯೋ... ಆರು ತಿಂಗಳು ಆ ಹುಬ್ಬು ನೋಡ್ಕೊಂಡು ಆಡಿದೀನಾ ನಾನು! ಅದಕ್ಕೇ ಮುಖ ಮರೆಮಾಡಿದ್ರಾ?'

ತಲೆ ತಗ್ಗಿಸಿದಳು. ಮೇಷ್ಟ್ರ ಮುಖ ಮರೆತುಹೋಯಿತು, ಗುಂಡಿಗಳು ಕಂಡವು. ಕುದುರೆ ಎತ್ತಿ ಇಟ್ಟಳು. ರಾಜನಿಗೂ ರಾಣಿಗೂ ಒಟ್ಟಿಗೇ ಏಟು!

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಎದ್ದು ಕೈಕುಲುಕಿದರು.

ಹೊರಗೆ ಮೆಟ್ಟಿಲ ಮೇಲೆ ಅವನು ಕಾಯುತ್ತಿದ್ದ.

"ಒಂದು ಗೆದ್ದೆ," ಎಂದಳು. ಮರುಗಳಿಗೆ ಕಣ್ಣು ತುಂಬಿತು. "ಹುಬ್ಬಿನ ವಿಷಯ ಮೊದಲೇ ಹೇಳ್ಬಾರ್ದಿತ್ತಾ? ಕೈ ಹಿಡಿದಿದ್ದಕ್ಕೆ ದೂರ ಮಾಡಿದ್ರಿ ಅಂತ ಎಷ್ಟು ಅತ್ತೆ ಗೊತ್ತಾ?"

"ಹೇಳಿದ್ರೆ ಹುಬ್ಬಿನ ಮೇಲೇ ಗಮನ ಇರ್ತಿತ್ತು. ಅದೂ ಅಲ್ದೆ..." ಅವನು ತಡವರಿಸಿದ. "ನೀವು ಹಾಗೆ ನೋಡ್ತಿದ್ರೆ ನಂಗೂ ಬೋರ್ಡ್ ಕಾಣ್ತಿರ್ಲಿಲ್ಲ. ನಾನು ಸೋತಿದ್ದೆಲ್ಲ ನಿಜವಾಗ್ಲೂ ಸೋತಿದ್ದೇ. ನೀನಂದ್ರೆ ನಂಗೆ ತುಂಬಾ ಇಷ್ಟ ಕಣೇ."

'ನೀವು' ಹೋಗಿ 'ನೀನು' ಬಂದದ್ದು ಇಬ್ಬರಿಗೂ ಕೇಳಿಸಿತು.

ಅವಳು ಅವನ ಕೈ ಹಿಡಿದು ಮುಖ ನೋಡಿದಳು. "ಹುಬ್ಬು ಯಾಕೆ ಏರ್ತು? ನಾನು ತಪ್ಪು ಮಾಡಿದ್ನಾ?"

"ಇಲ್ಲ ಕಣೇ... ಎಲ್ಲಿ ಬಿಟ್ಬಿಡ್ತೀಯೋ ಅಂತ ಹೆದರಿಕೆ."

"ಬಿಡಲ್ಲ," ಎಂದಳು.