ಮೀನು ಬೇಡದ ಗಿರಾಕಿ

2025ರ ಫೆಬ್ರವರಿ 11, ಮಂಗಳವಾರ. ಬೆಳಗ್ಗೆ 9.40ಕ್ಕೆ ನಂಜನಗೂಡಿನ ಠಾಣೆಗೆ ಕೈಗಾರಿಕಾ ಪ್ರದೇಶದ ಪ್ರಯೋಗಾಲಯವೊಂದರಿಂದ ಡಾ. ಮೇಘನಾ ದೂರು ತಂದರು. ಕಳುವಾದದ್ದು ಹೆಬ್ಬೆರಳುದ್ದದ ಒಂದು ಬಾಟಲಿ. ಕುರಿಯ ಕೊಬ್ಬನ್ನು ಅರೆದು, ಸೋಸಿ, ಎರಡು ವರ್ಷ ಹನಿಹನಿಯಾಗಿ ಬೇರ್ಪಡಿಸಿದ ಕೊಬ್ಬಿನಾಮ್ಲ ಅದರಲ್ಲಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಅದು ಕೊಂದಿತ್ತು. ಇಲಿಗೂ ಇನ್ನೂ ಕೊಟ್ಟು ನೋಡಿರಲಿಲ್ಲ.

"ಥಂಡಿಯಲ್ಲಿ ಇಡದಿದ್ರೆ ಕಮಟು ಹಿಡಿಯುತ್ತೆ ಸರ್. ಆಮೇಲೆ ಯಾವ ಕೆಲಸಕ್ಕೂ ಬರಲ್ಲ," ಎಂದರು.

ಸಬ್ ಇನ್‌ಸ್ಪೆಕ್ಟರ್ ನಂಜುಂಡೇಶ್ ಎಫ್‌ಐಆರ್ ದಾಖಲಿಸಿದ. ಫ್ರೀಜರ್‌ನ ಬೀಗ ಮುರಿದಿರಲಿಲ್ಲ, ಒಳಗಿನವರದೇ ಕೈ. ಯಾರ ಮನೆಯಲ್ಲಿ ಕ್ಯಾನ್ಸರ್ ರೋಗಿ ಇದ್ದಾರೆಂದು ನೌಕರರ ಮನೆಗಳನ್ನೆಲ್ಲ ನಾಲ್ಕು ದಿನ ಸುತ್ತಿದ. ಒಬ್ಬರೂ ಸಿಗಲಿಲ್ಲ. ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುವ ಸಣ್ಣಯ್ಯನಿಗೆ ಮನೆಯವರೇ ಇಲ್ಲವೆಂದು ಅವನ ಹೆಸರನ್ನು ಮೊದಲ ದಿನವೇ ಪಟ್ಟಿಯಿಂದ ಹೊಡೆದುಹಾಕಿದ್ದ.

"ಐಸ್ ಮಾರೋರ್ನ ಉಡ್ಕವ ಸಾ," ಎಂದ ಕಾನ್‌ಸ್ಟೇಬಲ್ ಚಿಕ್ಕಸ್ವಾಮಿ. "ಫ್ರಿಜ್ಜು ಮಡಗಿರೋ ಸಾವ್ಕಾರ ಆಗಿದ್ರೆ ಕದೀತಿರ್ನಿಲ್ಲ, ಆಸ್ಪತ್ರೆಗೇ ಓಗ್ತಿದ್ದ."

ಐಸ್ ಇಡುವ ಅಂಗಡಿಗಳನ್ನು ವಿಚಾರಿಸುತ್ತ ಹೋದಾಗ, 16ರ ಭಾನುವಾರ ಮಧ್ಯಾಹ್ನ ತಿ. ನರಸೀಪುರದಲ್ಲಿ ಮೀನು ಮಾರುವ ಕೃಷ್ಣ ನಕ್ಕ. "ಯಜಮಾನ್ರು ಒಬ್ರು ಅವ್ರೆ ಸಾ. ಒಂದ್ವಾರದಿಂದ ದಿನಾ ಐಸ್ ಈಸ್ಕತಾರೆ, ಮೀನು ಒಂದಿನಾನೂ ತಗಂಡಿಲ್ಲ. ಮನೇಲೇನ್ ಎಣ ಮಡಗಿದ್ದೀರಾ ಅಂತ ರೇಗುಸ್ತೀನಿ. ಅವ್ರೂ ನಗ್ತಾರೆ."

ಅವನು ದೂರದಿಂದಲೇ ಕೈತೋರಿದ ಬಾಡಿಗೆ ಕೋಣೆಯ ಬಾಗಿಲು ತೆರೆದವನು ಸಣ್ಣಯ್ಯ. 3.10ಕ್ಕೆ, ಪಂಚರ ಎದುರು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಬಾಟಲಿ ಸಿಕ್ಕಿತು. ಸ್ವಲ್ಪ ಖಾಲಿಯಾಗಿತ್ತು. ಪಂಚನಾಮೆಗೆ ಸಹಿ ಬಿತ್ತು.

"ಯಾರಿಗೋಸ್ಕರ ಕದ್ದೆ?"

ಸಣ್ಣಯ್ಯ ಕುತ್ತಿಗೆಯ ಟವೆಲ್ ಸರಿಸಿದ. ಕಿವಿಯ ಕೆಳಗೆ ನಿಂಬೆಹಣ್ಣಿನ ಗಾತ್ರದ ಗೆಡ್ಡೆ.

"ಆ ಔಸ್ದಿ ಇಂತಾ ಗೆಡ್ಡೆಯ ಸಾಯುಸ್ತದೆ ಅಂತ ಮೇಡಮ್ಮೋರು ಯಾರ್ಗೋ ಅಂತಿದ್ರು ಸಾ. ದಿನಾ ಎಲ್ಡು ತೊಟ್ಟು ಗಂಜೀಲಿ ಕುಡ್ದೆ."

"ಅವರಿಗೇ ತೋರಿಸ್ಬಾರ್ದಿತ್ತಾ?"

"ಯಾರೂ ಕೇಳ್ನಿಲ್ಲ ಸಾ."

ಒಂಬತ್ತು ವರ್ಷ ಅವನು ತೊಳೆದ ಗಾಜಿನೊಳಗೆ ಪ್ರಯೋಗಾಲಯದ ಅಷ್ಟೂ ಜನ ಕಣ್ಣಿಟ್ಟು ಕ್ಯಾನ್ಸರ್ ನೋಡಿದ್ದರು. ಪಕ್ಕದಲ್ಲೇ ನಿಂತಿದ್ದವನ ಕುತ್ತಿಗೆಯನ್ನು ಒಬ್ಬರೂ ನೋಡಿರಲಿಲ್ಲ. ಪಟ್ಟಿಯಿಂದ ಆ ಹೆಸರನ್ನು ಹೊಡೆದುಹಾಕಿದ ಪೆನ್ನು ನಂಜುಂಡೇಶನದೇ.

ಬಂಧನದ ಮೆಮೊದಲ್ಲಿ ಒಂದು ಸಾಲು ಬಾಕಿ ಉಳಿಯಿತು: ವಿಷಯ ಯಾರಿಗೆ ತಿಳಿಸಬೇಕು. ಅದನ್ನು ಖಾಲಿ ಬಿಡುವಂತಿಲ್ಲ. ಸಣ್ಣಯ್ಯ ಟವೆಲನ್ನು ಮತ್ತೆ ಕುತ್ತಿಗೆಗೆ ಸುತ್ತಿಕೊಂಡ.

"ಮೀನಂಗ್ಡಿ ಕೃಷ್ಣಂಗೆ ಯೋಳಿ ಸಾ. ನಾಳೆಯಿಂದ ನಂಗೆ ಐಸ್ ಮಡಗದು ಬ್ಯಾಡ ಅಂತ."

ಮನೆ ತೋರಿಸಿದವನು ಯಾರೆಂದು ನಂಜುಂಡೇಶ್ ಹೇಳಲಿಲ್ಲ. ಕೃಷ್ಣನ ಹೆಸರು ಬರೆದ. ಸಂಬಂಧ ಎಂಬಲ್ಲಿ 'ಸ್ನೇಹಿತ' ಎಂದು ತುಂಬಿದ.